ಲೆಕ್ಕವಿಲ್ಲದ ಠೇವಣಿ

'ಸಂಶೋಧನೆ ನಡೆಯುತ್ತಿದೆ' ಎಂಬ ಮಾತಿಗೆ ಸರ್ಕಾರಗಳ ಬಾಯಲ್ಲಿ ಒಂದು ವಿಶೇಷ ಶಕ್ತಿಯಿದೆ. ಪ್ರಶ್ನೆ ಕೇಳಿದವನು ಅಜ್ಞಾನಿಯೆಂದೂ ಉತ್ತರ ಕೊಡಬೇಕಾದವನು ಜ್ಞಾನದ ಹಾದಿಯಲ್ಲಿರುವವನೆಂದೂ ಅದು ಒಂದೇ ಏಟಿಗೆ ಸ್ಥಾಪಿಸಿಬಿಡುತ್ತದೆ. ಪರಮಾಣು ವಿದ್ಯುತ್ ಸ್ಥಾವರಗಳ ವಿಕಿರಣಶೀಲ ತ್ಯಾಜ್ಯವನ್ನು ಎಲ್ಲಿ, ಹೇಗೆ, ಯಾರ ಹೊಣೆಯಲ್ಲಿ ಇಡುವುದು ಎಂದು ಕೇಳಿದಾಗಲೆಲ್ಲ ದಶಕಗಳಿಂದ ದೊರೆಯುತ್ತ ಬಂದಿರುವ ಉತ್ತರ ಇದು: ಜಗತ್ತಿನ ಶ್ರೇಷ್ಠ ವಿಜ್ಞಾನಿಗಳು ಹಲವು ದೇಶಗಳ ಸಹಕಾರದಿಂದ ಈ ಕಾರ್ಯದಲ್ಲಿ ನಿರತರಾಗಿದ್ದಾರೆ, ಆತಂಕಕ್ಕೆ ಕಾರಣವಿಲ್ಲ. ಉತ್ತರ ಸುಳ್ಳಲ್ಲ. ಸಂಶೋಧನೆ ನಿಜವಾಗಿಯೂ ನಡೆದಿದೆ, ಅದರಲ್ಲಿ ಬಹುಪಾಲು ಉತ್ತಮವಾದುದೇ. ಆದರೆ ತ್ಯಾಜ್ಯವನ್ನು ಉತ್ಪಾದಿಸುವವನೂ ಅದರ ಸಂಶೋಧಕನೂ ಪರೀಕ್ಷಕನೂ ಲೆಕ್ಕ ಬರೆಯುವವನೂ ಒಬ್ಬನೇ ಆಗಿರುವಲ್ಲಿ ಅಂತಹ ಸಂಶೋಧನೆಯ ಭರವಸೆಗೆ ಎಷ್ಟು ಬೆಲೆ ಕಟ್ಟಬೇಕು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ. ಅದು ವಿಶ್ವಸ್ತಿಕೆಯ ಪ್ರಶ್ನೆ. ಅದನ್ನು ಕೇಳುವುದಕ್ಕೆ ಭೌತಶಾಸ್ತ್ರದ ಪದವಿ ಬೇಕಿಲ್ಲ.

ವಿಷಯದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯಬೇಕು. ಸ್ಥಾವರದಲ್ಲಿ ಬಳಸಿ ತೆಗೆದ ಯುರೇನಿಯಂ ಇಂಧನವು ಒಳಗೆ ಹೋದಾಗ ಇದ್ದುದಕ್ಕಿಂತ ಅನೇಕ ಪಟ್ಟು ಅಪಾಯಕಾರಿಯಾಗಿ ಹೊರಬರುತ್ತದೆ. ಮೊದಲ ಕೆಲವು ವರ್ಷ ಅದನ್ನು ನೀರಿನ ಕೊಳದಲ್ಲಿ ಮುಳುಗಿಸಿ ತಣಿಸಬೇಕು. ಅದರಲ್ಲಿರುವ ಸೀಸಿಯಂ, ಸ್ಟ್ರಾನ್ಷಿಯಂಗಳ ತೀವ್ರತೆ ಸುಮಾರು 30 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,100 ವರ್ಷ ಬೇಕು. ಈ ಸಂಖ್ಯೆಯ ಅರ್ಥ ಮನಸ್ಸಿಗೆ ಹತ್ತಬೇಕಾದರೆ ಅಶೋಕನ ಶಾಸನಗಳನ್ನು ನೆನೆದುಕೊಳ್ಳಬಹುದು. ಅವುಗಳ ವಯಸ್ಸು ಸುಮಾರು 2,300 ವರ್ಷ ಮಾತ್ರ. ಎಲ್ಲರೂ ಓದಲೆಂದೇ ಚಕ್ರವರ್ತಿಯೊಬ್ಬನು ಬಂಡೆಯ ಮೇಲೆ ಕೆತ್ತಿಸಿದ ಆ ಲಿಪಿಯನ್ನು ನಡುವೆ ಎಷ್ಟೋ ಶತಮಾನ ಓದುವವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಬೇಕಾಯಿತು. ರಾಯಚೂರು ಸೀಮೆಯ ಮಸ್ಕಿಯ ಬಂಡೆಯಂತೂ 1915ರವರೆಗೆ ವಿದ್ವಾಂಸರ ಕಣ್ಣಿಗೇ ಬಿದ್ದಿರಲಿಲ್ಲ. 'ಇಲ್ಲಿ ಅಗೆಯಬೇಡಿ' ಎಂಬ ಎಚ್ಚರಿಕೆಯನ್ನು ಅದರ ಹತ್ತು ಪಟ್ಟು ಕಾಲ ಉಳಿಸುವುದು ಯಾವ ಸರ್ಕಾರದ ಶಕ್ತಿಗೂ ಮೀರಿದ ಕಾರ್ಯ. ಆದ್ದರಿಂದಲೇ ಮನುಷ್ಯನ ಕಾವಲಿನ ಬದಲು ಭೂಮಿಯ ಕಾವಲನ್ನು ನಂಬಬೇಕು, ನೂರಾರು ಮೀಟರ್ ಆಳದ ಗಟ್ಟಿ ಶಿಲೆ, ಉಪ್ಪಿನ ಪದರ ಅಥವಾ ಜೇಡಿಯಲ್ಲಿ ತ್ಯಾಜ್ಯವನ್ನು ಶಾಶ್ವತವಾಗಿ ಹುದುಗಿಸಬೇಕು ಎಂಬ ವಿಚಾರ ಬಹುತೇಕ ಎಲ್ಲ ದೇಶಗಳ ತಜ್ಞರಲ್ಲಿ ಬೇರೂರಿತು.

ಈ ವಿಚಾರದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದುದು ಜರ್ಮನಿಯ ಲೋಯರ್ ಸ್ಯಾಕ್ಸನಿ ಪ್ರಾಂತ್ಯದಲ್ಲಿ. ಅಲ್ಲಿನ ಆಸ್ಸೆ ಎಂಬ ಬೆಟ್ಟಸಾಲಿನ ಕೆಳಗೆ 1909ರಿಂದ 1964ರವರೆಗೆ ಉಪ್ಪು ತೆಗೆದ ಗಣಿಯೊಂದಿತ್ತು. 1965ರಲ್ಲಿ ಪಶ್ಚಿಮ ಜರ್ಮನಿಯ ಕೇಂದ್ರ ಸರ್ಕಾರವು ಅದನ್ನು ಕೊಂಡು, ತ್ಯಾಜ್ಯ ವಿಲೇವಾರಿಯ ಸಂಶೋಧನೆಗೆಂದು ಸರ್ಕಾರಿ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಪರದೇಶಗಳ ವಿಜ್ಞಾನಿಗಳೂ ಬಂದರು. ಅಮೆರಿಕವು 1980ರ ದಶಕದಲ್ಲಿ ಜರ್ಮನಿಯೊಡನೆ ಸೇರಿ, ಶಾಖ ತಗುಲಿದ ಉಪ್ಪಿನೊಳಗೆ ಉಪ್ಪುನೀರು ಹೇಗೆ ಚಲಿಸುತ್ತದೆ ಎಂಬುದನ್ನು ಅಲ್ಲಿಯೇ ಪರೀಕ್ಷಿಸಿತು. ಅಂತರರಾಷ್ಟ್ರೀಯ ಸಹಕಾರವೆಂಬ ಬಿರುದಿಗೆ ಆಸ್ಸೆ ಎಲ್ಲ ರೀತಿಯಲ್ಲೂ ಅರ್ಹವಾಗಿತ್ತು.

ಹಾಗಾದರೆ ನಡೆದುದೇನು? 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿ ಮಂದ ಹಾಗೂ ಮಧ್ಯಮ ತೀವ್ರತೆಯ ತ್ಯಾಜ್ಯವನ್ನು ಆ ಗಣಿಯೊಳಗೆ ಇಳಿಸಲಾಯಿತು. ಆರಂಭದಲ್ಲಿ ಪೀಪಾಯಿಗಳನ್ನು ಸಾಲಾಗಿ ಜೋಡಿಸಿದರು. ಮುಂದೆ ಯಂತ್ರದಿಂದ ಇಳಿಜಾರಿನಲ್ಲಿ ಉರುಳಿಸಿ ಮೇಲೆ ಉಪ್ಪು ಸುರಿದರು. ಪ್ರಯೋಗವೆಂದರೆ ಸ್ವಲ್ಪ ವಸ್ತುವನ್ನಿಟ್ಟು ಫಲಿತಾಂಶ ನೋಡಿ, ಅನಂತರ ಮುಂದುವರಿಯುವುದು ಅಥವಾ ಹಿಂದೆಗೆಯುವುದು ಎಂದು ಯಾವ ಶಾಲಾ ಬಾಲಕನೂ ಬಲ್ಲ. ಇಲ್ಲಿ ಪ್ರಯೋಗ ಮುಗಿಯುವ ಮೊದಲೇ ಉಗ್ರಾಣ ತುಂಬಿತ್ತು! ಗಣಿಯ ಆಡಳಿತವೂ ಅಣುಶಕ್ತಿ ಕಾನೂನಿನ ಕಟ್ಟಳೆಗೆ ಒಳಪಡದೆ, ಸಾಧಾರಣ ಗಣಿ ಕಾನೂನಿನ ಕೆಳಗೆ ದಶಕಗಳ ಕಾಲ ನಡೆಯಿತು. ನೀರು ನುಗ್ಗುವ ಅಪಾಯವಿದೆಯೆಂದು ಆ ಪ್ರದೇಶದ ಅಭಿಯಂತರರೊಬ್ಬರು 1979ರಲ್ಲೇ ಲಿಖಿತವಾಗಿ ಎಚ್ಚರಿಸಿದ್ದರು. ಪಕ್ಕದ ಹಳೆಯ ಗಣಿಯೊಂದು ಶತಮಾನದ ಆದಿಯಲ್ಲೇ ಜಲಸಮಾಧಿಯಾಗಿದ್ದ ಸಂಗತಿಯೂ ಎಲ್ಲರಿಗೆ ತಿಳಿದಿತ್ತು. 1988ರಿಂದ ಆಸ್ಸೆಯೊಳಕ್ಕೆ ದಿನವೊಂದಕ್ಕೆ ಸುಮಾರು 12,000 ಲೀಟರ್ ಉಪ್ಪುನೀರು ಸೋರತೊಡಗಿತು.

2008ರಲ್ಲಿ ಒಳಗಿನ ಉಪ್ಪುನೀರಿನಲ್ಲಿ ವಿಕಿರಣಶೀಲ ಸೀಸಿಯಂ ಸೇರಿರುವುದು ಬಹಿರಂಗವಾಯಿತು. ನಡೆಸುತ್ತಿದ್ದ ಸಂಸ್ಥೆಗೆ ಅದು ಹಿಂದೆಯೇ ತಿಳಿದಿತ್ತು, ಜನರಿಗೆ ಮಾತ್ರ ತಿಳಿದಿರಲಿಲ್ಲ. 2009ರ ಜನವರಿಯಲ್ಲಿ ಗಣಿಯನ್ನು ಆ ಸಂಸ್ಥೆಯ ಕೈಯಿಂದ ತೆಗೆದು ಕೇಂದ್ರದ ವಿಕಿರಣ ರಕ್ಷಣಾ ಕಚೇರಿಗೆ ಒಪ್ಪಿಸಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕು. ಗಣಿಯೊಳಗೆ ಸುಮಾರು 9 ಕಿಲೋಗ್ರಾಂ ಪ್ಲುಟೋನಿಯಂ ಇದೆಯೆಂದು ದಾಸ್ತಾನು ಪುಸ್ತಕ ಹೇಳುತ್ತಿತ್ತು. ಮರುಲೆಕ್ಕ ಮಾಡಿದಾಗ ಅದು 28 ಕಿಲೋಗ್ರಾಂ ಆಯಿತು. ಚಿಲ್ಲರೆ ಅಂಗಡಿಯ ದಾಸ್ತಾನಿನಲ್ಲಿ ಇಂತಹ ವ್ಯತ್ಯಾಸ ಕಂಡರೆ ಮಾರಾಟ ತೆರಿಗೆಯ ಅಧಿಕಾರಿ ಬಾಗಿಲಿಗೆ ಮೊಹರು ಹಾಕುತ್ತಿದ್ದ. ಪ್ಲುಟೋನಿಯಂನ ಲೆಕ್ಕದಲ್ಲಿ, ಗಣಿತಕ್ಕೂ ಶಿಸ್ತಿಗೂ ಹೆಸರಾದ ಜರ್ಮನಿಯಲ್ಲಿ, ಮೂರು ದಶಕ ಅದನ್ನು ಕೇಳುವವರಿರಲಿಲ್ಲ. ಹುದುಗಿಸಿದುದನ್ನೆಲ್ಲ ಹೊರತೆಗೆಯಬೇಕೆಂದು 2013ರಲ್ಲಿ ಜರ್ಮನ್ ಸಂಸತ್ತು ಕಾನೂನನ್ನೇ ಮಾಡಿತು. ತೆಗೆಯುವ ಕಾರ್ಯದ ಆರಂಭಕ್ಕೆ ಇಟ್ಟುಕೊಂಡ ವರ್ಷ 2033. ಇಡಲು ಹಿಡಿದುದು ಹನ್ನೊಂದು ವರ್ಷ, ತೆಗೆಯಲು ತೊಡಗುವ ಮೊದಲ ಸಿದ್ಧತೆಗೇ ಇಪ್ಪತ್ತು ವರ್ಷ. ಖರ್ಚು ಹೊರುವವರು ಅಂದಿನ ವಿದ್ಯುತ್ ಬಳಸಿದವರಲ್ಲ, ಇಂದಿನ ತೆರಿಗೆದಾರರು. ಅವರಲ್ಲಿ ಎಷ್ಟೋ ಮಂದಿ 1967ರಲ್ಲಿ ಹುಟ್ಟಿಯೇ ಇರಲಿಲ್ಲ.

ಇದರಿಂದ 'ಸಂಶೋಧನೆಯೇ ಬೇಡ' ಎಂಬ ತೀರ್ಮಾನಕ್ಕೆ ಹಾರುವವರಿದ್ದಾರೆ. ಅದು ತಪ್ಪು. ತ್ಯಾಜ್ಯ ಹುಟ್ಟಿಯಾಗಿದೆ, ನಾಳೆಯೇ ಎಲ್ಲ ಸ್ಥಾವರಗಳಿಗೆ ಬೀಗ ಹಾಕಿದರೂ ಅದು ಇರುತ್ತದೆ. ಸಾಲ ಮಾಡಬಾರದಿತ್ತೆಂದು ಹೇಳುವುದರಿಂದ ಸಾಲ ತೀರುವುದಿಲ್ಲ. ಸಂಶೋಧನೆಯನ್ನು ಪ್ರಾಮಾಣಿಕವಾಗಿ ನಡೆಸುವ ಬಗೆಯೂ ಉಂಟು, ಅದಕ್ಕೆ ಸ್ವೀಡನ್ ದೇಶದ ಉದಾಹರಣೆ ಇದೆ. ಅಲ್ಲಿನ ಸ್ಟ್ರಿಪಾ ಎಂಬಲ್ಲಿ ಕಬ್ಬಿಣದ ಅದಿರಿನ ಗಣಿಯೊಂದು ಮುಚ್ಚಿದಾಗ, 1977ರಿಂದ ಮೊದಲು ಅಮೆರಿಕದೊಡನೆ, 1980ರಿಂದ 1992ರವರೆಗೆ ಹಲವು ದೇಶಗಳೊಡನೆ ಸೇರಿ ಶಿಲೆಯ ಪರೀಕ್ಷೆ ನಡೆಸಲಾಯಿತು. ವಿದ್ಯುತ್ತಿನಿಂದ ಬಂಡೆಯನ್ನು ಕಾಯಿಸಿದರು, ಬಿರುಕುಗಳಲ್ಲಿ ನೀರು ಹರಿಯುವ ಬಗೆಯನ್ನು ಅಳೆದರು, ನೀರು ಕುಡಿದು ಉಬ್ಬುವ ಬೆಂಟೊನೈಟ್ ಜೇಡಿ ರಂಧ್ರಗಳನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆಂದು ನೋಡಿದರು. ತ್ಯಾಜ್ಯದ ಒಂದು ಪೀಪಾಯಿಯೂ ಆ ಗಣಿಗೆ ಇಳಿಯಲಿಲ್ಲ. ಪ್ರಯೋಗಶಾಲೆಗೂ ಉಗ್ರಾಣಕ್ಕೂ ನಡುವಿನ ಗೆರೆಯನ್ನು ಅಲ್ಲಿ ಯಾರೂ ಅಳಿಸಲಿಲ್ಲ.

ಸ್ವೀಡನ್ನಿನ ವ್ಯವಸ್ಥೆಯಲ್ಲಿ ಹಣದ ಏರ್ಪಾಡು ಶಿಲೆಯ ಪರೀಕ್ಷೆಗಿಂತಲೂ ಮುಖ್ಯವಾದುದು. 1980ರ ದಶಕದ ಆದಿಯಿಂದ ಸ್ಥಾವರಗಳ ಮಾಲೀಕರು ಉತ್ಪಾದಿಸಿದ ಪ್ರತಿ ಯೂನಿಟ್ ವಿದ್ಯುತ್ತಿನ ಮೇಲೆ ಶುಲ್ಕ ತೆತ್ತು, ತ್ಯಾಜ್ಯಕ್ಕೆಂದೇ ಮೀಸಲಾದ ನಿಧಿಗೆ ತುಂಬಬೇಕಾಯಿತು. ಆ ನಿಧಿಯಿಂದಲೇ ಪರಿಸರವಾದಿ ಸಂಘಗಳಿಗೂ ಹಣ ಕೊಟ್ಟು, ಕಂಪನಿಯ ಯೋಜನೆಯಲ್ಲಿ ದೋಷ ಹುಡುಕುವ ಅವಕಾಶ ಮಾಡಿಕೊಟ್ಟರು. ತಪ್ಪು ಹುಡುಕುವವನಿಗೆ ಸಂಬಳ! ಇದನ್ನು ಕೇಳಿದರೆ ಭಾರತದ ಯಾವ ಇಲಾಖೆಯ ಕಾರ್ಯದರ್ಶಿಗಾದರೂ ನಿದ್ರೆ ಬಾರದು. ಫಲ ಮಾತ್ರ ಕಣ್ಣಮುಂದಿದೆ. ತಾಮ್ರದ ಡಬ್ಬಿಗಳಲ್ಲಿ ಇಂಧನವನ್ನಿಟ್ಟು ಹುದುಗಿಸುವ ಯೋಜನೆಯ ಮೇಲೆ, ಆ ತಾಮ್ರವೇ ಸವೆಯುವುದೆಂದು ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಸಂಶೋಧಕರು ಆಕ್ಷೇಪವೆತ್ತಿದರು. 2018ರಲ್ಲಿ ಪರಿಸರ ನ್ಯಾಯಾಲಯವು ಆ ಸಂಶಯ ಪೂರ್ಣವಾಗಿ ನಿವಾರಣೆಯಾಗಿಲ್ಲವೆಂದು ಸರ್ಕಾರಕ್ಕೆ ಅಭಿಪ್ರಾಯ ಕೊಟ್ಟಿತು. ಮತ್ತಷ್ಟು ಪರೀಕ್ಷೆ ನಡೆಯಿತು. ನಿರಾಕರಿಸುವ ಅಧಿಕಾರವುಳ್ಳ ಓಸ್ತ್‌ಹಮ್ಮರ್ ಪುರಸಭೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಸರ್ಕಾರದ ಅನುಮತಿ ಬಂದುದು 2022ರ ಜನವರಿಯಲ್ಲಿ, ಫೋರ್ಸ್‌ಮಾರ್ಕಿನಲ್ಲಿ ಅಗೆತ ಆರಂಭವಾದುದು 2025ರಲ್ಲಿ. ಎಲ್ಲ ಸಂಶಯ ಅಳಿಯಿತೆಂದು ಯಾರೂ ಹೇಳಬೇಕಿಲ್ಲ. ಆದರೆ ಆ ಪುರಸಭೆಯ ಸದಸ್ಯನು ಕೈಯೆತ್ತಿದಾಗ ಯಾವುದಕ್ಕೆ ಎತ್ತುತ್ತಿದ್ದೇನೆಂದು ಬಲ್ಲವನಾಗಿದ್ದನು.

ನಿಧಿ ಕೂಡಿಹಾಕಿದ ಮಾತ್ರಕ್ಕೆ ಕಾರ್ಯ ಕೈಗೂಡುವುದಿಲ್ಲ ಎಂಬುದಕ್ಕೆ ಅಮೆರಿಕದ ದೃಷ್ಟಾಂತ ಸಾಕು. 1982ರ ಕಾಯ್ದೆಯಂತೆ ಅಲ್ಲಿನ ಸರ್ಕಾರ ಪ್ರತಿ ಯೂನಿಟ್‌ಗೆ ಸೆಂಟಿನ ಹತ್ತನೆಯ ಒಂದು ಪಾಲು ವಸೂಲು ಮಾಡಿ, 1998ರ ಜನವರಿ 31ರೊಳಗೆ ಬಳಸಿದ ಇಂಧನವನ್ನು ತಾನು ಒಯ್ಯತೊಡಗುವುದಾಗಿ ಕರಾರು ಬರೆದುಕೊಟ್ಟಿತು. ಆ ದಿನ ಬಂತು, ಹೋಯಿತು. ನೆವಾಡದ ಯುಕ್ಕಾ ಪರ್ವತವನ್ನು ಆ ಪ್ರಾಂತ್ಯದ ಜನರ ಇಚ್ಛೆಗೆ ವಿರುದ್ಧವಾಗಿ ಆರಿಸಿದ್ದರ ಫಲವಾಗಿ ಯೋಜನೆ ನಡುದಾರಿಯಲ್ಲೇ ನಿಂತಿತು. 2014ರಲ್ಲಿ ಶುಲ್ಕವೂ ನಿಂತಿತು. ಕರಾರು ಮುರಿದುದಕ್ಕೆ ಸರ್ಕಾರವು ನ್ಯಾಯಾಲಯಗಳ ತೀರ್ಪಿನಂತೆ ವಿದ್ಯುತ್ ಕಂಪನಿಗಳಿಗೆ ತೆತ್ತ ಪರಿಹಾರ ಸಾವಿರ ಕೋಟಿ ಡಾಲರ್ ಮೀರಿದೆ.

ಈಗ ಭಾರತದ ವಿಚಾರ. ವಿಕಿರಣ ತ್ಯಾಜ್ಯವನ್ನು ಗಾಜಿನೊಳಗೆ ಕರಗಿಸಿ ಘನರೂಪಕ್ಕೆ ತರುವ ವಿದ್ಯೆಯಲ್ಲಿ ಭಾರತೀಯ ವಿಜ್ಞಾನಿಗಳು ನಿಷ್ಣಾತರು. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಆ ಕಾರ್ಯ ನಡೆದಿದೆ. ಕೆಲವೇ ದೇಶಗಳಿಗೆ ಸಿದ್ಧಿಸಿದ ಈ ಕೌಶಲಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಭಾರತ 1957ರಿಂದಲೂ ಸದಸ್ಯ. ಆದರೆ ಅದೇ ಸಂಸ್ಥೆಯ ಆಶ್ರಯದಲ್ಲಿ 1997ರಲ್ಲಿ ರೂಪುಗೊಂಡು 2001ರ ಜೂನ್ 18ರಂದು ಜಾರಿಗೆ ಬಂದ ಬಳಸಿದ ಇಂಧನ ಮತ್ತು ವಿಕಿರಣ ತ್ಯಾಜ್ಯ ಸುರಕ್ಷತೆಯ ಜಂಟಿ ಒಡಂಬಡಿಕೆಗೆ ಭಾರತ ಸೇರಿಲ್ಲ. ಎಂಬತ್ತಕ್ಕೂ ಹೆಚ್ಚು ದೇಶಗಳು ಸೇರಿವೆ. ಸೇರಿದ ದೇಶವು ತನ್ನಲ್ಲಿರುವ ತ್ಯಾಜ್ಯದ ದಾಸ್ತಾನು, ಇಟ್ಟಿರುವ ಸ್ಥಳ, ಅದಕ್ಕೆ ಒದಗಿಸಿದ ಹಣ ಮತ್ತು ಸಿಬ್ಬಂದಿಯ ವಿವರವನ್ನು ಸುಮಾರು ಮೂರು ವರ್ಷಗಳಿಗೊಮ್ಮೆ ವರದಿಯಾಗಿ ಮಂಡಿಸಿ, ಇತರ ದೇಶಗಳ ಪ್ರಶ್ನೆಗಳಿಗೆ ಉತ್ತರಿಸಬೇಕು. ಎಂಟನೆಯ ಪರಿಶೀಲನಾ ಸಭೆ 2025ರ ಮಾರ್ಚಿನಲ್ಲಿ ವಿಯೆನ್ನಾದಲ್ಲಿ ನಡೆಯಿತು. ಭಾರತವು ಉತ್ತರ ಹೇಳಬೇಕಾದ ಸ್ಥಾನದಲ್ಲಿ ಅಲ್ಲಿರಲಿಲ್ಲ.

ಭಾರತದಲ್ಲಿ ಬಳಸಿದ ಇಂಧನ ತ್ಯಾಜ್ಯವೇ ಅಲ್ಲ, ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ಪಡೆದು ಮುಂದಿನ ಹಂತದ ಸ್ಥಾವರಗಳಿಗೆ ಬಳಸುವ ಸಂಪತ್ತು ಎಂದು ಇಲಾಖೆಯ ಪರವಾಗಿ ವಾದಿಸಲಾಗುತ್ತದೆ. ಫ್ರಾನ್ಸ್, ಬ್ರಿಟನ್, ಜಪಾನ್ ದೇಶಗಳೂ ಇಂಧನವನ್ನು ಸಂಸ್ಕರಿಸಿದವೇ. ಅವು ಒಡಂಬಡಿಕೆಗೆ ಸೇರಿದುದಲ್ಲದೆ, ಸಂಸ್ಕರಣೆಯನ್ನೂ ಪರಿಶೀಲನೆಗೆ ಒಳಪಡಿಸುವುದಾಗಿ ತಾವಾಗಿಯೇ ಘೋಷಿಸಿದವು. ಸಂಪತ್ತೆಂದ ಮಾತ್ರಕ್ಕೆ ಲೆಕ್ಕ ತಪ್ಪುವುದಿಲ್ಲ. ಅಢಾವೆ ಪತ್ರಿಕೆಯಲ್ಲಿ ಆಸ್ತಿಗೂ ಬೆಲೆ ಕಟ್ಟಬೇಕು, ಅದನ್ನು ಹಿಡಿದಿಡುವ ವೆಚ್ಚವನ್ನೂ ತೋರಿಸಬೇಕು. ಸಂಸ್ಕರಣೆಯಾದ ಮೇಲೆ ಉಳಿಯುವ ತೀವ್ರ ತ್ಯಾಜ್ಯವಂತೂ ಯಾರ ಲೆಕ್ಕದಲ್ಲೂ ಆಸ್ತಿಯಲ್ಲ.

ರಕ್ಷಣಾ ರಹಸ್ಯದ ವಾದ ಇನ್ನೂ ದುರ್ಬಲ. ಸೈನಿಕ ಕಾರ್ಯಕ್ರಮದ ತ್ಯಾಜ್ಯವನ್ನು ಆಯಾ ದೇಶ ತಾನಾಗಿ ಸೇರಿಸಿದ ಹೊರತು ಒಡಂಬಡಿಕೆ ಮುಟ್ಟುವುದೇ ಇಲ್ಲ. ಅಮೆರಿಕ, ರಷ್ಯ, ಚೀನಗಳಿಗಿಲ್ಲದ ಯಾವ ರಹಸ್ಯ ಭಾರತದ ವಿದ್ಯುತ್ ಸ್ಥಾವರದ ಕೊಳದಲ್ಲಿದೆ ಎಂಬುದನ್ನು ಇಲಾಖೆಯೇ ಹೇಳಬೇಕು. ಒಳಗಿನ ಪರಿಶೀಲನೆಯಾದರೂ ಬಿಗಿಯಾಗಿತ್ತೇ ಎಂದರೆ, ಅಣುಶಕ್ತಿ ನಿಯಂತ್ರಣ ಮಂಡಳಿಯು 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿ, ತಾನು ನಿಯಂತ್ರಿಸಬೇಕಾದ ವ್ಯವಸ್ಥೆಯ ಮುಖ್ಯಸ್ಥರಿಗೇ ದಶಕಗಳ ಕಾಲ ವರದಿಯೊಪ್ಪಿಸುತ್ತ ಬಂತು. ಈ ಪರಾಧೀನತೆಯನ್ನು ಮಹಾಲೇಖಪಾಲರ 2012ರ ವರದಿ ಸ್ಪಷ್ಟವಾಗಿ ಎತ್ತಿ ತೋರಿಸಿತು. ದೇವಸ್ಥಾನವೊಂದರ ಧರ್ಮದರ್ಶಿಯು ತಾನೇ ಹುಂಡಿಯೆಣಿಸಿ, ತಾನೇ ಕಿರ್ದಿ ಬರೆದು, ಲೆಕ್ಕಪರಿಶೋಧಕನನ್ನೂ ತನ್ನ ಗುಮಾಸ್ತರೊಳಗಿನಿಂದಲೇ ನೇಮಿಸಿದರೆ ಮಹಾಸಭೆ ಎಷ್ಟು ದಿನ ಸುಮ್ಮನಿರುತ್ತದೆ? ಧರ್ಮದರ್ಶಿ ಕಳ್ಳನೆಂದು ಯಾರೂ ಹೇಳುತ್ತಿಲ್ಲ. ಪ್ರಾಮಾಣಿಕನಾದವನಿಗೂ ಹೊರಗಿನ ಪರಿಶೋಧನೆ ಬೇಕೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಸ್ಟ್ರಿಪಾದಲ್ಲಿ ಬಂಡೆ ಕಾಯಿಸುತ್ತಿದ್ದ 1980ರ ದಶಕದಲ್ಲಿಯೇ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 1,000 ಮೀಟರ್ ಆಳದ ಬಳಕೆ ತಪ್ಪಿದ ಭಾಗವೊಂದರಲ್ಲಿ ಅದೇ ಬಗೆಯ ಪ್ರಯೋಗ ನಡೆಸಿದರು. ಅಲ್ಲಿನ ಆಂಫಿಬೊಲೈಟ್ ಶಿಲೆಯನ್ನು ವಿದ್ಯುತ್ತಿನಿಂದ ಕಾಯಿಸಿ ಅದರ ವರ್ತನೆಯನ್ನು ಹಲವು ವರ್ಷ ಅಳೆದರು. ತ್ಯಾಜ್ಯವನ್ನೇನೂ ಇಡಲಿಲ್ಲ. ಆ ಗಣಿಗಳಿಗೆ ವಿಜ್ಞಾನ ಹೊಸದಲ್ಲ. 1965ರಲ್ಲಿ ಜಪಾನ್ ಮತ್ತು ಬ್ರಿಟನ್ನಿನ ಸಹಕಾರದೊಡನೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಪತ್ತೆಹಚ್ಚಿದ ಕೀರ್ತಿ ಅವಕ್ಕಿದೆ. ಅದು ಊರಿನ ಹೆಮ್ಮೆಯಾಗಿ ಉಳಿಯಿತು. ಬಂಡೆ ಕಾಯಿಸಿದ ಪ್ರಯೋಗದ ಪರಿಣಾಮ ಬೇರೆಯಾಯಿತು. ಕೂಡಂಕುಳಂ ಮೊಕದ್ದಮೆಯ ಸಂದರ್ಭದಲ್ಲಿ 2012ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತ್ಯಾಜ್ಯದ ಮಾತು ಬಂದಾಗ ಕೋಲಾರ ಗಣಿಗಳ ಹೆಸರು ಕೇಳಿಬಂತು. ಕೆಜಿಎಫ್ ಬೀದಿಗಿಳಿಯಿತು. ಅಂತಹ ಯೋಜನೆಯೇ ಇಲ್ಲವೆಂದು ಸರ್ಕಾರದ ಕಡೆಯವರು ಅವಸರದಲ್ಲಿ ಹೇಳಬೇಕಾಯಿತು.

ಆ ಪ್ರತಿಭಟನೆಯನ್ನು ವಿದ್ಯಾವಂತರು ಹಲವರು ಮೌಢ್ಯವೆಂದು ನಕ್ಕರು. ನಕ್ಕವರು ಕೆಜಿಎಫ್‌ಗೆ ಹೋಗಿ ಅಲ್ಲಿನ ಸೈನೈಡ್ ದಿಬ್ಬಗಳನ್ನು ನೋಡಬೇಕು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಆ ಗುಡ್ಡಗಳಿಂದ ಗಾಳಿಗೆದ್ದ ಧೂಳು ಮನೆಯೊಳಗಿನ ಅನ್ನದ ತಟ್ಟೆಗೂ ಬೀಳುತ್ತದೆ. ಸರ್ಕಾರಿ ಒಡೆತನದ ಕಂಪನಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ದಿಬ್ಬ ಉಳಿಯಿತು. ಒಂದು ಬಗೆಯ ತ್ಯಾಜ್ಯವನ್ನು ನೂರು ವರ್ಷ ಉಂಡವರು ಇನ್ನೊಂದರ ಹೆಸರು ಕೇಳಿ ಬೆದರಿದರೆ ಅದು ಮೌಢ್ಯವಲ್ಲ, ಅನುಭವ. ಶಿಲೆಯ ಪ್ರಯೋಗ ಏತಕ್ಕಾಗಿ, ಅದರಿಂದ ತಿಳಿದುದೇನು ಎಂಬುದನ್ನು ಆ ಊರಿನ ಕನ್ನಡ, ತಮಿಳು, ತೆಲುಗು ಮನೆಗಳಿಗೆ ಅರ್ಥವಾಗುವಂತೆ ಆಗಲೇ ಹೇಳಿದ್ದಲ್ಲಿ 2012ರ ಗಾಬರಿಗೆ ಅಷ್ಟು ಇಂಬು ಸಿಗುತ್ತಿರಲಿಲ್ಲ.

ಇನ್ನು ಕೈಗಾ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲನೆಯ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ಆ ಹೊತ್ತಿಗೆ ವಿಶ್ವದಾಖಲೆ ಸ್ಥಾಪಿಸಿದಾಗ ಪತ್ರಿಕೆಗಳೆಲ್ಲ ಕೊಂಡಾಡಿದವು, ಅದು ಕೊಂಡಾಡತಕ್ಕ ಸಾಧನೆಯೇ. ಆದರೆ ಆ 962 ದಿನಗಳಲ್ಲಿ ಹೊರಬಂದ ಬಳಸಿದ ಇಂಧನದ ತೂಕವೆಷ್ಟು, ಅದು ಎಲ್ಲಿದೆ, ಅದರ ಅಂತಿಮ ವಿಲೇವಾರಿಗೆಂದು ಎಷ್ಟು ರೂಪಾಯಿ ತೆಗೆದಿರಿಸಿದೆ ಎಂಬ ಮೂರು ಅಂಕಿಗಳನ್ನು ಯಾವ ಪತ್ರಿಕೆಯೂ ಕೇಳಲಿಲ್ಲ. ಸ್ಥಾವರ ಕಳಚುವ ವೆಚ್ಚಕ್ಕೆಂದು ಪ್ರತಿ ಯೂನಿಟ್‌ಗೆ 2 ಪೈಸೆ ಎತ್ತುವ ಪದ್ಧತಿಯಿದ್ದರೂ, ಆ ದರ ದೀರ್ಘಕಾಲ ಮರುಪರಿಶೀಲನೆಯಿಲ್ಲದೆ ಉಳಿದುದನ್ನು ಮಹಾಲೇಖಪಾಲರ ಅದೇ ವರದಿ ಗುರುತಿಸಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯು 1962ರ ಅಣುಶಕ್ತಿ ಕಾಯ್ದೆಯನ್ನು ಬದಿಗಿರಿಸಿ, ಸ್ಥಾವರಗಳನ್ನು ಕಟ್ಟಿ ನಡೆಸಲು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ನಿಯಂತ್ರಣ ಮಂಡಳಿಗೆ ಕೊನೆಗೂ ಶಾಸನದ ಆಧಾರ ಕೊಟ್ಟಿತು, ಅದು ಸ್ವಾಗತಾರ್ಹ. ಆದರೆ ಬಳಸಿದ ಇಂಧನದ ಸಂಸ್ಕರಣೆ, ತೀವ್ರ ತ್ಯಾಜ್ಯದ ನಿರ್ವಹಣೆ ಕೇಂದ್ರ ಸರ್ಕಾರದ ಕೈಯಲ್ಲೇ ಉಳಿದವು. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಲೆಕ್ಕದ ದೃಷ್ಟಿಯಿಂದ ಇದರ ಅರ್ಥ, ವಿದ್ಯುತ್ ಮಾರಿ ಬಂದ ಲಾಭ ಒಂದು ಖಾತೆಗೆ, ಸಾವಿರಾರು ವರ್ಷದ ಹೊಣೆ ಇನ್ನೊಂದು ಖಾತೆಗೆ. ಆ ಎರಡನೆಯ ಖಾತೆ ಸಾರ್ವಜನಿಕರದು. ಒಬ್ಬ ಪಾಲುದಾರ ಲಾಭವನ್ನೂ ಇನ್ನೊಬ್ಬ ನಷ್ಟವನ್ನೂ ಹೊರುವ ಪಾಲುಪತ್ರಕ್ಕೆ ಪೇಟೆಯಲ್ಲಿ ಯಾವ ವರ್ತಕನೂ ರುಜು ಹಾಕಲಾರ.

ಹೊಸ ಪರವಾನಗಿಗಳ ಶಾಯಿ ಆರುವ ಮೊದಲೇ ಇವನ್ನು ಕೇಳಬೇಕು. ಪ್ರತಿ ಸ್ಥಾವರದ ವಾರ್ಷಿಕ ವರದಿಯಲ್ಲಿ ಉತ್ಪಾದನೆಯ ಅಂಕಿಯ ಪಕ್ಕದಲ್ಲಿಯೇ ಬಳಸಿದ ಇಂಧನದ ದಾಸ್ತಾನು ಅಚ್ಚಾಗಬೇಕು. ಅಂತಿಮ ವಿಲೇವಾರಿಯ ನಿಧಿ ಸರ್ಕಾರದ ಸಾಮಾನ್ಯ ಬೊಕ್ಕಸದಿಂದ ಬೇರೆಯಾಗಿರಬೇಕು. ಶಿಲೆ ಪರೀಕ್ಷಿಸಲು ಯಾವ ಊರಿಗೆ ಹೋದರೂ ಕೊಳವೆ ಕೊರೆಯುವ ಮೊದಲು ಆ ಊರಿನ ಗ್ರಾಮಸಭೆಗೆ ಹೋಗಬೇಕು. ಜಂಟಿ ಒಡಂಬಡಿಕೆಯ ಮುಂದಿನ ಪರಿಶೀಲನಾ ಸಭೆಯ ಹೊತ್ತಿಗಾದರೂ ಭಾರತದ ವರದಿ ಆ ಮೇಜಿನ ಮೇಲಿರಬೇಕು. ಕಾರವಾರದಿಂದಲೂ ಕೋಲಾರದಿಂದಲೂ ದೆಹಲಿಗೆ ಹೋಗುವ ಲೋಕಸಭಾ ಸದಸ್ಯರಿದ್ದಾರೆ. ಲಿಖಿತ ಪ್ರಶ್ನೆ ಕೇಳಲು ಅವರಿಗೆ ಯಾವ ಖರ್ಚೂ ಇಲ್ಲ.